ಅಂಗಾತ ಮಲಗಿದ ದೊಡ್ಡಮ್ಮ

ಮಾನ್ಯ ಮೇಲ್ವಿಚಾರಕರೇ,

ಈ ಕಾಗದವನ್ನು ಬಾಗಿಲ ಸಂದಿಯಿಂದ ತೂರಿಸುತ್ತಿದ್ದೇನೆ. ಜೇಡದ ಕೋಣೆಯೊಳಗೆ ಚಿಲಕ ಹಾಕಿಕೊಂಡು ಕೂತವನು ನಾನೇ, ನಿಮ್ಮ ಮೃಗಾಲಯದಲ್ಲಿ ಹದಿನೇಳು ವರ್ಷಗಳಿಂದ ಪಾಲಕನಾಗಿರುವವನು.

ಅಂಗೈಯಗಲದ ಈ ಜೇಡವನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಬೆಳಿಗ್ಗೆ ಅವಳು ಅಂಗಾತ ಬಿದ್ದದ್ದು ಕಂಡು ನೀವು ಏನಂದಿರಿ? “ಸತ್ತೋಗಿದೆ ಕಣಯ್ಯಾ, ಎತ್ತಿ ಕಸಕ್ಕೆ ಹಾಕು!” ಆಹಾ, ಎಂಥ ಪರೀಕ್ಷೆ, ಎಂಥ ತೀರ್ಪು! ಸ್ವಾಮೀ, ಅವಳು ಪೊರೆ ಬಿಡುತ್ತಿದ್ದಾಳೆ! ಹಳೆಯ ಮೈಯೊಳಗಿಂದ ಎಂಟು ಹೊಸ ಕಾಲುಗಳನ್ನು ಎಳೆದುಕೊಳ್ಳುತ್ತಿದ್ದಾಳೆ. ಈಗ ಅವಳ ಗಾಜಿನ ಪೆಟ್ಟಿಗೆ ಅಲುಗಿದರೆ ಬೆಣ್ಣೆಯಂಥ ಆ ಮೈ ಹರಿದು ನಿಜಕ್ಕೂ ಸಾಯುತ್ತಾಳೆ. ನೀವೋ ಬೂಟುಗಾಲಲ್ಲಿ ಬಾಗಿಲು ಒದೆಯುತ್ತಿದ್ದೀರಿ!

ದಯವಿಟ್ಟು ಬೂಟು ಕಳಚಿ. ನೋಡಲು ಬಂದವರನ್ನು ಹಾವುಗಳ ಕಡೆಗೆ ಕಳಿಸಿ, ನೀವೂ ತುದಿಗಾಲಲ್ಲಿ ಹೊರಡಿ.

ನನ್ನ ಗಂಟಲು ನಿಮಗೆ ಗೊತ್ತು. ನಾನು ಕೆಮ್ಮಿದರೆ ಆನೆ ತಿರುಗಿ ನೋಡುತ್ತದೆ. ಅಂಥ ಗಂಟಲನ್ನು ಅವಳಿಗಾಗಿ ಬಿಗಿಹಿಡಿದು ಬರೆಯುತ್ತಿದ್ದೇನೆ. ಈ ಕಾಗದವನ್ನು ಜೋಪಾನವಾಗಿಡಿ. ದೊಡ್ಡಮ್ಮ ಮಗುಚಿ ಎದ್ದು ನಿಂತ ಮೇಲೆ ನಿಮ್ಮ ಕಚೇರಿಗೇ ಬಂದು, ಕಿಟಕಿಯ ಗಾಜು ನಡುಗುವಂತೆ, ಇದನ್ನು ಪೂರ್ತಿ ಓದಿ ಹೇಳುತ್ತೇನೆ.

ಸದ್ಯಕ್ಕೆ ಪಿಸುಮಾತಿನಲ್ಲಿ,
ನಿಮ್ಮ ಜೇಡದ ಪಾಲಕ