ಬಾಟಲಿಯ ಮೇಲಿನ ಚಂದ್ರ, ತಳದಲ್ಲಿನ ಸಾಲು

ಗಿಡಮೂಲಿಕೆ ಮಾತ್ರೆಗಳ ಲೇಬಲ್‌ಗೆ ಒಪ್ಪಿಗೆಯ ಮುದ್ರೆ ಒತ್ತುವ ಮಾನ್ಯರೇ,

ತಾವು ಒಪ್ಪಿದ ನಿದ್ದೆ ಮಾತ್ರೆಯ ಬಾಟಲಿಯೊಂದು ನನ್ನ ಮೇಜಿನ ಮೇಲಿದೆ. ಅದರ ಮೇಲೊಬ್ಬ ದುಂಡು ಚಂದ್ರ. ಪಕ್ಕದಲ್ಲಿ ಅವನಷ್ಟೇ ದಪ್ಪಕ್ಕೆ ‘ಶುದ್ಧ ಸೊಪ್ಪು, ಸಂಪೂರ್ಣ ನಿರಪಾಯಕಾರಿ’ ಎಂಬ ಘೋಷಣೆ. ‘ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಸೇವಿಸಬಾರದು’ ಎಂಬ ಸಾಲು ಮಾತ್ರ ತಳದ ಅಂಚಿನಲ್ಲಿ ಇರುವೆಗಳಂತೆ ಹರಿದಿದೆ. ಎಚ್ಚರಿಸಿದ ಪುಣ್ಯವೂ ಸಿಗಬೇಕು, ಎಚ್ಚರಿಕೆಯನ್ನು ಯಾರೂ ಓದಲೂಬಾರದು ಎಂಬ ಸಂಕಲ್ಪವೇ ಇದು?

ನನ್ನ ಅಕ್ಕ ಬಟ್ಟೆ ಹೊಲಿಯುವವಳು. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ, ನಿದ್ದೆ ಕೆಟ್ಟು ಎರಡು ವರ್ಷ. ಬಾಟಲಿ ತಂದ ದಿನ ನನ್ನ ಮೂಗಿಗೇ ಹಿಡಿದಳು. “ಏನೋ ಸಣ್ಣದಾಗಿ ಬರೆದಿದ್ದಾರೆ ಕಣೋ, ಸ್ವಲ್ಪ ಓದಿ ಹೇಳು. ಪತ್ರಿಕೆಗೆ ಬರೆಯೋನಲ್ವಾ ನೀನು?”

“ಸೊಪ್ಪು ಕಣೇ. ಮೇಕೆ ದಿನಾ ತಿನ್ನುತ್ತೆ, ಅದಕ್ಕೇನಾಗಿದೆ?”

ನನ್ನ ಹಾಸ್ಯಕ್ಕೆ ನಾನೇ ನಕ್ಕೆ. ಓದಲಿಲ್ಲ, ಮಾನ್ಯರೇ. ಕನ್ನಡಕ ನನ್ನ ತಲೆಯ ಮೇಲೇ ಇತ್ತು.

ಐದನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಅಕ್ಕ ಅರ್ಧ ಹೊಲಿದ ತೋಳಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಎರಡು ವರ್ಷದಿಂದ ಮುನಿಸಿಕೊಂಡಿದ್ದ ನಿದ್ದೆ ಕೊನೆಗೂ ಮನೆಗೆ ಬಂತೆಂದು ನನಗೆ ಹಿಗ್ಗೋ ಹಿಗ್ಗು. ಹಾಸಿಗೆಗೆ ನಡೆಸಿಕೊಂಡು ಹೋಗುವಾಗ ಏನೋ ತೊದಲಿದಳು, ನಿದ್ದೆಗಣ್ಣು ಅಂದುಕೊಂಡೆ. ಪರದೆ ಎಳೆದೆ. ಬಾಗಿಲ ಗಂಟೆಗೆ ಬಟ್ಟೆ ಸುತ್ತಿದೆ. ಪ್ಯಾಂಟು ಕೇಳಲು ಬಂದವರಿಗೆ ತುಟಿಯ ಮೇಲೆ ಬೆರಳಿಟ್ಟು, “ಶ್! ಅಕ್ಕ ಮಲಗಿದ್ದಾರೆ, ಸಂಜೆ ಬನ್ನಿ” ಎಂದೆ. ಹೀಗೆ ಒಂದು ಗಂಟೆ ಶ್ರದ್ಧೆಯಿಂದ ಕಾವಲು ನಿಂತೆ.

ಊಟಕ್ಕೆ ಬಂದ ಅಕ್ಕನ ಮಗಳು ಅವಳ ಹಣೆ ಮುಟ್ಟಿದವಳೇ ಕಿರುಚಿದಳು: “ಮಾಮಾ, ಇದು ನಿದ್ದೆನಾ? ಮೈಯೆಲ್ಲ ಬೆವರಿ ತಣ್ಣಗಿದೆ, ಕರೆದ್ರೂ ಓಗೊಡ್ತಿಲ್ಲ!”

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಅಕ್ಕ ಕಣ್ಣು ಬಿಟ್ಟಳು. “ಇವರು ದಿನಾ ನುಂಗೋ ಸಕ್ಕರೆ ಕಾಯಿಲೆಯ ಮಾತ್ರೆಯೂ ಸಕ್ಕರೆ ಇಳಿಸುತ್ತೆ, ಈ ಸೊಪ್ಪೂ ಇಳಿಸುತ್ತೆ. ಎರಡೂ ಸೇರಿವೆ,” ಎಂದರು ವೈದ್ಯೆ. ಅಕ್ಕನ ಮಗಳು ಜೊತೆಗೆ ತಂದಿದ್ದ ಬಾಟಲಿಯನ್ನು ತಿರುಗಿಸಿ ನೋಡಿ, “ಇಲ್ಲೇ ಬರೆದಿದೆಯಲ್ಲ. ಮನೇಲಿ ಓದೋಕೆ ಬರೋರು ಯಾರೂ ಇಲ್ವಾ?”

ಅಕ್ಕನ ಮಗಳು ನನ್ನನ್ನು ನೋಡಿದಳು. ಅಕ್ಷರವನ್ನೇ ನಂಬಿ ಹೊಟ್ಟೆ ಹೊರೆಯುವ ನಾನು ನನ್ನ ಚಪ್ಪಲಿಯನ್ನು ನೋಡಿಕೊಂಡೆ.

ತಮ್ಮ ತಪ್ಪಿನ ಹಿಂದೆ ನನ್ನದನ್ನು ಬಚ್ಚಿಡಲು ಈ ಪತ್ರ ಬರೆಯುತ್ತಿಲ್ಲ. ನನ್ನದೇ ದೊಡ್ಡದು. ಆದರೆ ನನ್ನಂಥ ಉಡಾಫೆಯ ತಮ್ಮ ಮನೆಗೊಬ್ಬನಿರುತ್ತಾನೆ. ಅವನ ಕಣ್ಣಿಗೂ ರಾಚಬೇಕು. ಆ ಸಾಲನ್ನು ಮುಂದಕ್ಕೆ ತನ್ನಿ. ಚಂದ್ರನ ಜಾಗದಲ್ಲಿ, ಚಂದ್ರನಷ್ಟೇ ದಪ್ಪಕ್ಕೆ ಹಾಕಿಸಿ. ‘ನಿರಪಾಯಕಾರಿ’ ಎಂಬ ಮಾತಿಗೆ ಮುದ್ರೆ ಒತ್ತುವ ಮುನ್ನ ಒಮ್ಮೆ ಕೈ ತಡೆಯಿರಿ.

ಈಗ ಅಕ್ಕ ಉಪ್ಪಿನ ಪೊಟ್ಟಣವನ್ನೂ ನನ್ನ ಮುಂದೆ ಹಿಡಿಯುತ್ತಾಳೆ. “ಗಟ್ಟಿಯಾಗಿ ಓದು. ಕನ್ನಡಕ ಹಾಕ್ಕೊಂಡು.” ನಾನು ಕೊನೆಯ ಅಕ್ಷರದವರೆಗೂ ಓದುತ್ತೇನೆ. ಹಾಸ್ಯ ಮಾಡುವುದಿಲ್ಲ.

ಇಂತಿ, ತಲೆ ತಗ್ಗಿಸಿ,
ಬಾಗಿಲ ಗಂಟೆಗೆ ಬಟ್ಟೆ ಸುತ್ತಿದವನು