ನಲವತ್ತೇಳು ಸಲ ‘ಸದರಿ’

ಮಣ್ಣಿನ ಜೀವಾಣು ಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ಬರುವ ಸೋಮವಾರ ನಲವತ್ತೇಳು ಗಾಜಿನ ಕೊಳವೆಗಳನ್ನು ಕುದಿಸಿ ಚರಂಡಿಗೆ ಸುರಿಯಬೇಕೆಂದು ತಾವು ಆದೇಶಿಸಿದ್ದೀರಿ. ಕಾರಣ, ‘ಒಂದೇ ಬ್ಯಾಕ್ಟೀರಿಯಾದ ನಕಲುಗಳು, ಫ್ರಿಜ್‌ನಲ್ಲಿ ಜಾಗವಿಲ್ಲ.’ ಅವು ನಕಲುಗಳಲ್ಲ. ಇದನ್ನು ಹೇಳಲು ಎರಡು ಬಾರಿ ತಮ್ಮ ಕೋಣೆಯ ಬಾಗಿಲವರೆಗೆ ಬಂದೆ. ಒಮ್ಮೆ ತಾವು ಫೋನಿನಲ್ಲಿದ್ದಿರಿ. ಇನ್ನೊಮ್ಮೆ ಕುರ್ಚಿ ಖಾಲಿಯಿತ್ತು. ಖಾಲಿ ಕುರ್ಚಿಯೆದುರೂ ನನ್ನ ನಾಲಿಗೆ ಏಳಲಿಲ್ಲ. ಆದ್ದರಿಂದ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಸಂಕೋಚದವರಿಗೆ ಇದೇ ಸುಲಭ.

ತಮ್ಮ ಆದೇಶಕ್ಕೆ ಆಧಾರ ದಾಸ್ತಾನು ಪುಸ್ತಕ. ಹಳೆಯ ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ಹೊಸದಕ್ಕೆ ನಕಲು ಮಾಡಿದವಳು ನಾನು. ಸಾಹಿತ್ಯ ಓದಿದ್ದಾಳೆ, ಅಕ್ಷರ ದುಂಡಗಿದೆ ಎಂದು ಆ ಕೆಲಸ ನನ್ನ ಮೇಜಿಗೆ ಬಂತು. ಹೆಸರಿನ ಅಂಕಣದ ಮೊದಲ ಸಾಲಿನಲ್ಲಿ ‘ಸೋಯಾ ಬೇರುಗಂಟಿನ ಬ್ಯಾಕ್ಟೀರಿಯಾ’ ಎಂದು ಬರೆದೆ. ಎರಡನೆಯದಕ್ಕೂ ಅದನ್ನೇ ಬರೆಯಹೊರಟಾಗ ಮೇಲ್ವಿಚಾರಕರು ಬೆನ್ನ ಹಿಂದೆ ನಿಂತು, “ಅಷ್ಟುದ್ದ ಯಾಕಮ್ಮಾ? ಸದರಿ ಅಂತ ಹಾಕು. ಕಚೇರಿ ಭಾಷೆ ಕಲ್ಕೋ” ಎಂದರು. ಕಲಿತೆ. ನಲವತ್ತೇಳು ಸಲ ‘ಸದರಿ’ ಎಂದು ಬರೆದೆ. ಯಾವುದು ಯಾವ ಮಣ್ಣಿನದು, ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸುವ ಕೊನೆಯ ಅಂಕಣ ‘ಷರಾ’ ಗೆದ್ದಲಿನ ಹೊಟ್ಟೆ ಸೇರಿತ್ತು. ಅದನ್ನು ಖಾಲಿ ಬಿಟ್ಟೆ. ತಾವು ಓದಿ ಅರ್ಥಮಾಡಿಕೊಂಡಿರಿ: ಒಂದು ಅಸಲು, ನಲವತ್ತೇಳು ನಕಲು.

ಹೆಸರೊಂದೇ ಆದರೆ ವಸ್ತುವೂ ಒಂದೇ ಎಂಬ ಈ ತರ್ಕ ಕೊಳವೆಗಳಿಗಷ್ಟೇ ಏಕೆ? ನಮ್ಮ ಹಾಜರಿ ಪುಸ್ತಕದಲ್ಲಿ ಇಪ್ಪತ್ತೆರಡು ಮಂದಿ ‘ಸಿಬ್ಬಂದಿ’ ಇದ್ದೇವೆ. ಇಪ್ಪತ್ತೊಂದು ಮಂದಿಯನ್ನು ಮನೆಗೆ ಕಳುಹಿಸಿದರೆ ಎಷ್ಟೊಂದು ಜಾಗ! ಯಾರು ದುಡಿಯುತ್ತಾರೆ, ಯಾರು ದುಡಿಯುವುದಿಲ್ಲ ಎಂದು ನೋಡುವ ತೊಂದರೆಯೂ ತಪ್ಪುತ್ತದೆ.

ಸೋಯಾ ಗಿಡಕ್ಕೆ ಮಾತ್ರ ಆ ವ್ಯತ್ಯಾಸ ಗೊತ್ತು. ಅದು ತನ್ನ ಬೇರಿನಲ್ಲಿ ಈ ಬ್ಯಾಕ್ಟೀರಿಯಾಗಳಿಗೆ ಗಂಟಿನ ಮನೆ ಕಟ್ಟಿಕೊಟ್ಟು ಸಕ್ಕರೆ ಉಣಿಸುತ್ತದೆ. ಬದಲಿಗೆ ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡಿಕೊಡಬೇಕು. ಕೆಲವು ಧಾರಾಳವಾಗಿ ಕೊಡುತ್ತವೆ, ಕೆಲವು ಅರೆಮನಸ್ಸಿನಿಂದ. ಕೆಲವು ಉಂಡು ಸುಮ್ಮನಿರುತ್ತವೆ. ಒಂದು ಹೊಲದಲ್ಲಿ ಮೈಮುರಿದು ದುಡಿದದ್ದು ಇನ್ನೊಂದು ಮಣ್ಣಿನಲ್ಲಿ ಕೈಚೆಲ್ಲುವುದೂ ಉಂಟು.

ನನ್ನ ಸೋದರತ್ತೆಯ ಹೊಲ ತಗ್ಗಿನಲ್ಲಿದೆ, ಮಣ್ಣು ಉಪ್ಪುಪ್ಪು. ಕಳೆದ ವರ್ಷ ಅವಳು ಅರ್ಧ ಹೊಲದ ಬೀಜಕ್ಕೆ ತಮ್ಮ ಮೊದಲ ಕೊಳವೆಯಿಂದ ತಯಾರಾದ ಪೊಟ್ಟಣವನ್ನೂ, ಉಳಿದರ್ಧಕ್ಕೆ ನಮ್ಮ ಪ್ರಯೋಗಾಲಯ ಪರೀಕ್ಷೆಗೆಂದು ಬೆಳೆಸಿಕೊಟ್ಟ ಮೂವತ್ತೊಂದನೆಯ ಕೊಳವೆಯದನ್ನೂ ಲೇಪಿಸಿ ಬಿತ್ತಿದಳು. ಒಂದೂವರೆ ತಿಂಗಳಿಗೆ ಒಂದು ಕಡೆ ಎಲೆಯೆಲ್ಲ ಹಳದಿ, ಇನ್ನೊಂದು ಕಡೆ ಕಡುಹಸಿರು. ನನ್ನನ್ನು ಕರೆದು ಎರಡೂ ಕಡೆಯ ಗಿಡ ಕಿತ್ತು, ಗಂಟುಗಳನ್ನು ಉಗುರಿನಿಂದ ಸೀಳಿದಳು.

“ಇಲ್ನೋಡೇ, ಪೊಟ್ಟಣದ್ದು. ಒಳಗೆಲ್ಲಾ ಬೆಳ್ಳಗೆ. ಗಿಡದ ಅನ್ನ ತಿಂದು ಮಲ್ಕೊಂಡಿದೆ.”

“ಈ ಕಡೇದು ಕೆಂಪಗಿದೆಯಲ್ಲತ್ತೆ?”

“ದುಡಿಯೋ ಗಂಟು ಕೆಂಪಗೇ ಇರುತ್ತೆ ಕಣೇ. ಅಷ್ಟು ಓದಿದ್ದೀಯ, ಇದು ಗೊತ್ತಿಲ್ವಾ?”

“ನಾನು ಓದಿದ್ದು ಸಾಹಿತ್ಯ.”

“ಹಾಗಾದ್ರೆ ಬರ್ದಾದ್ರೂ ಇಡು. ಯಾರಾದ್ರೂ ಓದ್ತಾರೆ.”

ಬರೆದಿಡಬೇಕಾದ ಪುಸ್ತಕದಲ್ಲಿ ನಾನು ಏನು ಬರೆದೆನೆಂದು ಮೇಲೆ ಹೇಳಿದ್ದೇನೆ. ಹನ್ನೆರಡು ದಿನಗಳಲ್ಲಿ ಅತ್ತೆ ಮತ್ತೆ ಬಿತ್ತುತ್ತಾಳೆ, ಈ ಸಲ ಇಡೀ ಹೊಲಕ್ಕೆ ಮೂವತ್ತೊಂದನೆಯದನ್ನೇ ನಂಬಿ. ಕೊಳವೆ ಹೋದರೆ, ಪ್ರಯೋಗಾಲಯದ ಸಹಾಯಕಿಗೆ ನೆನಪಿರುವ ಅದರ ಮೂಲದ ಹೊಲದಿಂದ ಮತ್ತೆ ತರೋಣವೆಂದರೆ, ಆ ಹೊಲದ ಮೇಲೆ ಈಗ ತಮ್ಮ ಹೊಸ ಕಟ್ಟಡದ ಕಾರುಗಳು ನಿಂತಿವೆ. ತಮ್ಮ ಕಾರಿಗೆ ಒಳ್ಳೆಯ ನೆರಳಿನ ಜಾಗವೇ ಸಿಕ್ಕಿದೆ.

ಮೇಲ್ವಿಚಾರಕರಲ್ಲಿ ತಪ್ಪೊಪ್ಪಿಕೊಂಡು ನೋಡಿದೆ.

“ಸಾರ್, ಅದು ನಾನು ಬರೆದ ತಪ್ಪು. ತಿದ್ದಿಬಿಡ್ತೀನಿ.”

“ಪುಸ್ತಕಕ್ಕೆ ಸಾಹೇಬ್ರ ಸಹಿ ಆಗಿದೆಯಮ್ಮಾ. ಸಹಿ ಆದ್ಮೇಲೆ ತಪ್ಪು ಇರೋದಿಲ್ಲ.”

ಎಂಥ ಶಕ್ತಿ ತಮ್ಮ ಸಹಿಯದು! ತಗ್ಗಿನ ಹೊಲದಲ್ಲೂ ಒಮ್ಮೆ ಹಾಕಿ ನೋಡಬಾರದೇ, ಬಿಳಿ ಗಂಟು ಕೆಂಪಾದೀತು.

ನನ್ನ ಬೇಡಿಕೆ ಇಷ್ಟು. ಸೋಮವಾರದ ಆದೇಶವನ್ನು ಹಿಂತೆಗೆದುಕೊಳ್ಳಿ. ಒಂದೊಂದು ಕೊಳವೆಯದನ್ನೂ ಬೇರೆ ಬೇರೆ ಕುಂಡದ ಗಿಡಕ್ಕೆ ಕೊಟ್ಟು, ಬೇರು ಸೀಳಿ ನೋಡಲು ಎರಡು ತಿಂಗಳು ಕೊಡಿ. ಇಷ್ಟು ವರ್ಷ ಅವನ್ನು ಕಾಪಾಡಿಕೊಂಡು ಬಂದಿರುವ ಪ್ರಯೋಗಾಲಯದ ಸಹಾಯಕಿ ನೋಡಿ ಹೇಳುತ್ತಾರೆ, ನಾನು ಪೂರ್ತಿ ವಾಕ್ಯಗಳಲ್ಲಿ ಬರೆಯುತ್ತೇನೆ. ಫ್ರಿಜ್‌ನ ಜಾಗವೇ ಚಿಂತೆಯಾದರೆ, ಕೆಳಗಿನ ಎರಡು ಖಾನೆಗಳಲ್ಲಿ ತಣ್ಣಗಾಗುತ್ತಿರುವ ಅಧಿಕಾರಿಗಳ ಸೋಡಾ ಬಾಟಲಿಗಳನ್ನು ಎಣಿಸಿ ನೋಡಿ. ಅವೆಲ್ಲ ನಿಜಕ್ಕೂ ಒಂದೇ.

ತಪ್ಪಿಗೆ ಶಿಕ್ಷೆ ಆಗಲೇಬೇಕೆಂದರೆ ನೋಟಿಸು ನನಗೆ ಕೊಡಿ. ಉತ್ತರ ಈಗಲೇ ಸಿದ್ಧವಿದೆ: ಬರೆದವಳು ನಾನು. ಕುದಿಸಬೇಕಾದದ್ದು ಕೊಳವೆಗಳನ್ನಲ್ಲ.

ಇಂತಿ,
ಸೋಮವಾರದವರೆಗಾದರೂ ತಮ್ಮ ಕಚೇರಿಯವಳಾದ
ನಕಲು ಗುಮಾಸ್ತೆ