ಬಿಸಿಲಿಗಿಟ್ಟ ಅಪ್ಪನ ಮುಖ

ಕಂಪ್ಲಿ
೧೭ ಮೇ ೨೦೨೪, ಶುಕ್ರವಾರ

ಅಕ್ಕ ಪಂಪಾವತಿಗೆ,

ಹೇಮಾಳ ನಮಸ್ಕಾರ. ನೀನು ನನ್ನ ಫೋನು ಎತ್ತುತ್ತಿಲ್ಲವಾದ್ದರಿಂದ ಕಾಗದ ಬರೆಯುತ್ತಿದ್ದೇನೆ. ಪಕ್ಕದ ಮನೆಯ ತಾಯಕ್ಕ ನಾಳೆ ಸಂಡೂರಿಗೆ ಬರುತ್ತಾಳೆ. ಅವಳ ಕೈಗೇ ಕೊಡುತ್ತೇನೆ. ಪೂರ್ತಿ ಓದದೆ ಹರಿಯಬೇಡ. ಸೋಮವಾರ ಯಲ್ಲೇಶ್ ಮಾವ ಹೊಸಪೇಟೆಗೆ ಹೋಗಿ ಪ್ರಿಂಟರು ಕೊಳ್ಳುವ ಮೊದಲು ಇದನ್ನು ಅವರಿಗೂ ಓದಿ ಹೇಳಬೇಕು.

ನಾನೂ ನಿನ್ನ ಗಂಡ ಯಲ್ಲೇಶ್ ಮಾವನೂ ಪಾಲಿನಲ್ಲಿ ತೆರೆಯಲಿರುವ ಫೋಟೋ ಅಂಗಡಿಗೆ ಬಂದಿರುವ ಮೊದಲ ಕೆಲಸ ಹಂಪಿಯ ನಾಗಭೂಷಣ ಅವರದು. ಅವರ ಗೆಸ್ಟ್ ಹೌಸಿನ ಪ್ರತಿ ಕೋಣೆಗೂ ಕಪ್ಪು-ಬಿಳುಪು ಚಿತ್ರ ಬೇಕು. ಹಿಂದೆ ಯಾರೋ ಮಾಡಿಕೊಟ್ಟವು ಬೇಸಿಗೆ ಕಳೆಯುವುದರೊಳಗೆ ಹಸಿರಿಗೆ ತಿರುಗಿವೆ. ಚಿತ್ರದ ಬಂಡೆಗಳೆಲ್ಲ ಪಾಚಿಗಟ್ಟಿದಂತೆ ಕಾಣುತ್ತವೆ. ನಮ್ಮವೂ ಹಾಗಾದರೆ ಹಂಪಿಯಲ್ಲಿ ಮತ್ತೊಬ್ಬರು ನಮ್ಮನ್ನು ನಂಬುವುದಿಲ್ಲ. ಅಂಗಡಿ ಅಲ್ಲಿಗೇ ಮುಗಿಯಿತು.

ಮಾವ ಟ್ಯಾಂಕ್ ಪ್ರಿಂಟರೇ ಸಾಕೆಂದರು. ಅದರ ಶಾಯಿ ಅಗ್ಗ, ಮದುವೆ ಫೋಟೋಗಳಿಗೂ ಆಗುತ್ತದೆ. ನಾನು ಒಪ್ಪಲಿಲ್ಲ. ಅದು ಕರಗುವ ಬಣ್ಣ. ಕಾಗದದೊಳಗೆ ಇಂಗುತ್ತದೆ, ಬೆಳಕಿಗೆ ಬೇಗ ಸೋಲುತ್ತದೆ. ಪಿಗ್ಮೆಂಟ್ ಶಾಯಿಯ ಕಪ್ಪು ಮಸಿಯಂಥ ನುಣ್ಣನೆಯ ಪುಡಿ. ಕಾಗದದ ಮೇಲೆ ಕೂತು ಉಳಿಯುತ್ತದೆ. ಅಂಥ ಪ್ರಿಂಟರಿನಲ್ಲಿ ಬೂದುಬಣ್ಣಕ್ಕೇ ಪ್ರತ್ಯೇಕ ಶಾಯಿಗಳಿರುತ್ತವೆ. ರಸಾಯನಶಾಸ್ತ್ರದಲ್ಲಿ ಗೋಲ್ಡ್ ಮೆಡಲ್ ಪಡೆದ ನನಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಆದರೂ ಪರೀಕ್ಷೆ ಮಾಡಿಯೇ ತೋರಿಸುತ್ತೇನೆ, ಬಂದ ಫಲಿತಾಂಶಕ್ಕೆ ಇಬ್ಬರೂ ತಲೆಬಾಗೋಣ ಎಂದು ಎಲ್ಲರೆದುರು ಹೇಳಿದವಳು ನಾನೇ.

ಬೂದುಛಾಯೆಗಳು ಹೇರಳವಾಗಿರುವ ಚಿತ್ರ ಬೇಕಿತ್ತು. ಅಪ್ಪ ಗಣಿಗೆ ಸೇರುವ ಮುಂಚೆ ತೆಗೆಸಿಕೊಂಡ ಫೋಟೋದ ನೆಗೆಟಿವ್ ಆರಿಸಿದೆ. ಎರಡು ಬಗೆಯ ಶಾಯಿಯಲ್ಲೂ ಒಂದೊಂದು ಪ್ರತಿ ತೆಗೆಸಿ, ಅರ್ಧರ್ಧ ಮುಖಕ್ಕೆ ಕಪ್ಪು ಕಾಗದ ಮುಚ್ಚಿ, ಹಲಗೆಗೆ ಅಂಟಿಸಿ, ಶಿವರಾತ್ರಿಯ ಮರುದಿನ ಹಿತ್ತಲ ಗೋಡೆಗೆ ಒರಗಿಸಿದೆ. ಬಿಸಿಲು ಬಿದ್ದ ಅರ್ಧ ಮಾಸಬೇಕು, ಮುಚ್ಚಿದ ಅರ್ಧ ಉಳಿಯಬೇಕು. ಇಷ್ಟೇ ಪರೀಕ್ಷೆ.

ಕಳೆದ ಭಾನುವಾರ ಕಪ್ಪು ಕಾಗದ ಕಿತ್ತಾಗ ನಡೆದದ್ದನ್ನು ನೀನೇ ಕಂಡೆ. ಎರಡೂ ಮುಖಗಳಲ್ಲಿ ಬಿಸಿಲು ಬಿದ್ದ ಅರ್ಧಕ್ಕೂ ಮುಚ್ಚಿದ ಅರ್ಧಕ್ಕೂ ನಡುವೆ ಒಂದು ಗೆರೆಯೂ ಇರಲಿಲ್ಲ. ಎರಡೂ ಶಾಯಿ ಸಮವಾದರೆ ಅಗ್ಗದ್ದೇ ಗೆದ್ದಂತೆ. ವಾರದ ಹಿಂದೆ ಅಕ್ಕಿ ಒಯ್ಯಲು ಬಂದಿದ್ದ ಮಾವನೇ ಹೊಸ ಪ್ರತಿ ಅಂಟಿಸಿ ಹೋಗಿದ್ದಾರೆಂದು ನಾನು ಹೇಳಿಬಿಟ್ಟೆ. ಅವರು ಊಟದ ತಟ್ಟೆ ಸರಿಸಿ ಎದ್ದರು. “ಗೋಲ್ಡ್ ಮೆಡಲ್ ಅಂದ್ರ ಸೋತಾಗ್ಲೂ ಗೆದ್ದಂಗ ಲೆಕ್ಕ ಏನವ್ವ ಹೇಮಾ?” ಎಂದರು. ನೀನು ನನ್ನತ್ತ ನೋಡದೆ ಅವರ ಹಿಂದೆ ನಡೆದೆ.

ಹಟಕ್ಕೆ ಬಿದ್ದು ಮರುದಿನವೇ ಹೊಸ ಪ್ರತಿಗಳನ್ನು ಬಿಸಿಲಿಗಿಟ್ಟೆ. ನಿನ್ನೆ ಕಾಲೇಜಿನಲ್ಲಿ ತರಗತಿ ನಡೆಯಲಿಲ್ಲ. ಹೊಸಪೇಟೆಯಿಂದ ಮಧ್ಯಾಹ್ನಕ್ಕೇ ಮರಳಿ, ಹಿತ್ತಲ ಕಡೆಯಿಂದ ಬಂದೆ. ಅವ್ವ ಹಲಗೆಯನ್ನು ಎದೆಗಾನಿಸಿಕೊಂಡು ಸೆರಗಿನಿಂದ ಧೂಳು ಒರೆಸುತ್ತಿದ್ದಳು. ಒಳಗೊಯ್ದು ಫ್ಯಾನಿನ ಕೆಳಗೆ ಇಟ್ಟಳು. ಮುಂದೊಂದು ಲೋಟ ನೀರನ್ನೂ ಇಟ್ಟಳು.

“ಬರ್ರಿ, ಇಲ್ಲೆ ಕುಂದ್ರಿ. ಗಣಿಯಾಗ ಉಂಡ ಬಿಸಿಲು ಸಾಲ್ದಾ ನಿಮಗ? ಮಗಳು ಬರಾದ್ರಾಗ ಮತ್ತ ಹೊರಗ ಹೋಗಿ ನಿಂದ್ರುವಂತ್ರಿ.”

ನಾನು ಸದ್ದಿಲ್ಲದೆ ಹಿಂದೆ ಸರಿದು ತಾಯಕ್ಕನ ಮನೆಯಲ್ಲಿ ಕೂತೆ. ಸಂಜೆ ಎಂದಿನ ಹೊತ್ತಿಗೆ ಬಂದಾಗ ಹಲಗೆ ಗೋಡೆಗೆ ಒರಗಿತ್ತು. ಭಾನುವಾರಗಳಂದು ಅವ್ವ ಸೀರೆಯನ್ನು ಸರಿಯಾಗಿ ಅದರ ಮುಂದೆಯೇ ಏಕೆ ಒಣಹಾಕುತ್ತಿದ್ದಳೆಂಬುದೂ ಆಗ ಹೊಳೆಯಿತು.

ಮಾವ ಚಿತ್ರ ಬದಲಿಸಿರಲಿಲ್ಲ. ಈ ವಾಕ್ಯ ಮೊದಲ ಸಾಲಿಗೇ ಬರಬೇಕಿತ್ತು. ಇಷ್ಟು ದೂರ ಬಂದ ಮೇಲೆ ಬರೆಯಲಾಯಿತು.

ಹಲಗೆ ಬಿಸಿಲನ್ನೇ ಕಂಡಿಲ್ಲ, ಆ ಪರೀಕ್ಷೆ ನಡೆದೇ ಇಲ್ಲ. ಆದ್ದರಿಂದ ಸೋಮವಾರ ಪ್ರಿಂಟರು ಬೇಡ. ಈ ಸಲ ಮುಖವಿಲ್ಲದ, ಬರೀ ಬೂದು ಚೌಕಗಳ ಹಾಳೆಗಳನ್ನು ನಿಮ್ಮ ಮನೆಯ ಮಾಳಿಗೆಯ ಮೇಲೆ ಮಾವನೇ ಇಡಲಿ, ಮಾವನೇ ತೆಗೆಯಲಿ. ಯಾವುದು ಉಳಿದರೂ ಒಪ್ಪುತ್ತೇನೆ. ಅಲ್ಲಿಯವರೆಗೆ ಕಾಯುವಂತೆ ನಾಗಭೂಷಣ ಅವರನ್ನು ನಾನು ಕೇಳಿಕೊಳ್ಳುತ್ತೇನೆ. ಭಾನುವಾರ ಸಂಡೂರಿಗೆ ಬಂದು, ಲೆಕ್ಕ ತಪ್ಪಿದ್ದು ನನ್ನದೇ ಎಂದು ಎಲ್ಲರೆದುರು ಹೇಳುತ್ತೇನೆ. ಹೇಗೆ ತಪ್ಪಿತೆಂದು ಮಾತ್ರ ನೀವಿಬ್ಬರೂ ಅಲ್ಲಿ ಬಾಯಿ ಬಿಡಬಾರದು. ಮಗಳ ಪರೀಕ್ಷೆ ತನ್ನಿಂದ ಕೆಟ್ಟಿತೆಂದು ತಿಳಿದರೆ ಅವ್ವ ನಾಳೆಯಿಂದ ಅಪ್ಪನನ್ನು ಬಿಸಿಲಲ್ಲೇ ಬಿಟ್ಟು, ಒಳಗೆ ಕೂತು ಕೊರಗುತ್ತಾಳೆ.

ನಿನ್ನ ತಂಗಿ,
ಹೇಮಾ

ಮರೆತ ಮಾತು: ಇಂದು ಅವ್ವ ಎಮ್ಮಿಗನೂರಿಗೆ ಹೋಗಿದ್ದಾಳೆ. ನಾನು ಕಾಲೇಜಿಗೆ ಹೋಗಲಿಲ್ಲ. ಬಿಸಿಲು ಗೋಡೆ ಮುಟ್ಟುವ ಹೊತ್ತಿಗೆ ಹಲಗೆಯನ್ನು ನಾನೇ ಒಳಗೆ ತಂದೆ. ಲೋಟದಲ್ಲಿ ನೀರೂ ಇಟ್ಟಿದ್ದೇನೆ.